ಮೆಗಾ ಬ್ಲಾಕ್ ದಿನದ ಮಸಾಲೆ ದೋಸೆ

ಕುರ್ಲಾ ದಾಟಿ ಎರಡು ನಿಮಿಷ ಆಗಿರಲಿಲ್ಲ, ಲೋಕಲ್ ನಿಂತೇಬಿಟ್ಟಿತು. ಮುಂಬೈಯಲ್ಲಿ ಭಾನುವಾರ, ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗಾಗಿ ರೈಲು ಕಡಿಮೆ ಓಡುವ ದಿನ. ಲೇಡೀಸ್ ಡಬ್ಬದಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಅಷ್ಟರಲ್ಲಿ ನನ್ನ ಚೀಲದೊಳಗೆ ಫೋನ್ ಕಿರುಚಿಕೊಂಡಿತು. ತೆಗೆದು ನೋಡಿದರೆ ನನ್ನ ಸಕ್ಕರೆ 69, ತೀರಾ ಕಡಿಮೆ. ಪಕ್ಕದಲ್ಲಿ ನೇರ ಕೆಳಗೆ ಮುಖ ಮಾಡಿದ ಬಾಣ.

ನನಗೆ ಹನ್ನೊಂದನೇ ವಯಸ್ಸಿನಿಂದ ಟೈಪ್ ಒನ್ ಡಯಾಬಿಟಿಸ್. ‘ಸ್ವೀಟ್ ಜಾಸ್ತಿ ತಿಂತಿದ್ದೆಯಾ?’ ಅಂತ ಕೇಳುವವರು ಈಗಲೂ ಇದ್ದಾರೆ. ಅಲ್ಲ. ರೋಗದ ಜೊತೆ ಹೊಡೆದಾಡಬೇಕಿದ್ದ ಮೈಯೊಳಗಿನ ಕಾವಲು ಪಡೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳು ಮಾಡಿತು, ಅಷ್ಟೇ. ಅಂದಿನಿಂದ ಇನ್ಸುಲಿನ್ ಪೆನ್ ಜೊತೆಗೇ ಬಾಳು. ಈಗ ತೋಳಿನ ಹಿಂದೆ ನಾಣ್ಯದ ಹಾಗಿರುವ ಒಂದು ಸೆನ್ಸರ್ ಅಂಟಿಕೊಂಡಿದೆ. ಸಕ್ಕರೆ ಎಷ್ಟಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಫೋನಿಗೆ ಕಳಿಸುತ್ತಿರುತ್ತದೆ. 14 ದಿನ ಬರುತ್ತದೆ. ಅದರ ದುಡ್ಡಿನಲ್ಲಿ ಡೊಂಬಿವಲಿಯಿಂದ ಎಷ್ಟು ತಿಂಗಳ ಪಾಸ್ ಆಗುತ್ತಿತ್ತು ಅಂತ ಲೆಕ್ಕ ಹಾಕೋದನ್ನು ಬಿಟ್ಟಿದ್ದೇನೆ.

ತಪ್ಪು ಶುರುವಾಗಿದ್ದು ಮಾಟುಂಗಾದಲ್ಲಿ. ಕರಿಬೇವು, ಬಾಳೆಎಲೆ ಅಂತ ನೆಪ ಹೇಳಿಕೊಂಡು ಹೋಗುವುದು ನಾನು. ನಿಜವಾದ ಕಾರಣ ಅಲ್ಲಿಯ ಉಡುಪಿ ಹೋಟೆಲ್. ಊಟಕ್ಕೆ 15 ನಿಮಿಷ ಮೊದಲೇ ಇನ್ಸುಲಿನ್ ತೊಗೊಂಡರೆ ಒಳ್ಳೆಯದು ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ಭಾನುವಾರದ ಕ್ಯೂನಲ್ಲಿ ನಿಂತು ಚುಚ್ಚಿಕೊಂಡು, ಟೇಬಲ್ಲೇ ಸಿಗದಿದ್ದರೆ? ಹಾಗಾಗಿ ದೋಸೆ ಕಣ್ಣಿಗೆ ಬಿದ್ದ ಮೇಲೇ 6 ಯೂನಿಟ್ ಹಾಕಿಕೊಂಡೆ. ಆಗ ಗಂಟೆ 12.40.

ಒಂದೂವರೆಗೆ ನೋಡಿದರೆ 236, ಬಾಣ ಮೇಲಕ್ಕೆ. ಸಿಟ್ಟು ಬಂತು. ಸಕ್ಕರೆ ಇಳಿಸಲು ಮತ್ತೆ 3 ಯೂನಿಟ್ ಇನ್ಸುಲಿನ್ ಹಾಕಿಕೊಂಡೆ. ತರಕಾರಿ ಕೊಂಡು ಮತ್ತೆ ನೋಡಿದೆ, 241. ಇನ್ನೂ 2 ಯೂನಿಟ್. ಊಟದ ಇನ್ಸುಲಿನ್ ಮೈಯಲ್ಲಿ ನಾಲ್ಕು ಗಂಟೆಯಾದರೂ ಕೆಲಸ ಮಾಡುತ್ತಿರುತ್ತದೆ ಅಂತ ನನಗೆ ಗೊತ್ತಿಲ್ಲವಾ? ಗೊತ್ತು. ಒಂದರ ಮೇಲೊಂದು ಪೇರಿಸಬಾರದು ಅಂತಲೂ ಗೊತ್ತು. ಆದರೆ ಸೆನ್ಸರ್ ನಿಮಿಷ ನಿಮಿಷಕ್ಕೂ ಸಂಖ್ಯೆ ತೋರಿಸುತ್ತಿದ್ದರೆ ಕೈ ಸುಮ್ನೆ ಇರಬೇಕಲ್ಲ! ಬೆರಳು ಚುಚ್ಚಿ ನೋಡುತ್ತಿದ್ದ ಕಾಲದಲ್ಲಿ ಊಟವಾದ ಮೇಲಿನ ಎರಡು ಗಂಟೆ ಏನಾಯಿತು ಅಂತಲೇ ತಿಳಿಯುತ್ತಿರಲಿಲ್ಲ. ಒಂದು ರೀತಿಯಲ್ಲಿ ನೆಮ್ಮದಿ.

ಮಾಟುಂಗಾ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ದಾದರ್‌ಗೆ ಹೋಗಿ ಫಾಸ್ಟ್ ಲೋಕಲ್ ಹಿಡಿಯೋಣ ಅಂತ ಚೀಲ ಹೊತ್ತು ಬೇಗ ಬೇಗ ನಡೆದೆ. ನಡೆದರೆ ಸಕ್ಕರೆ ಇನ್ನೂ ಬೇಗ ಇಳಿಯುತ್ತದೆ. ದಾದರ್‌ನಲ್ಲಿ ನೋಡಿದಾಗ 150 ಇತ್ತು. ಆಹಾ, ಚೆನ್ನಾಗಿದೆ ಅಂದುಕೊಂಡೆ. ಬಾಣ ಆಗಲೇ ಕೆಳಗೆ ತಿರುಗಿತ್ತು. ಅದನ್ನು ನೋಡಿಯೂ ನೋಡಲಿಲ್ಲ. ನೇರ ಕೆಳಗಿನ ಬಾಣ ಅಂದರೆ ನಿಮಿಷಕ್ಕೆ 2ಕ್ಕಿಂತ ಜಾಸ್ತಿ ಇಳಿಯುತ್ತಿದೆ ಅಂತ. ಅರ್ಧ ಗಂಟೆಗೆ 60. ಮೂರನೇ ಕ್ಲಾಸಿನ ಲೆಕ್ಕ.

ಮನೆಯಲ್ಲೇ ತೂಕ ಮಾಡಿ 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣ ಕಟ್ಟಿ ಇಟ್ಟುಕೊಂಡಿರುತ್ತೇನೆ. ನಿಂತ ಲೋಕಲ್‌ನಲ್ಲಿ ಅದನ್ನು ಹೊರತೆಗೆದೆ. ನೀರಿನ ಬಾಟಲಿ ಖಾಲಿ. ಪುಡಿಯನ್ನು ಹಾಗೇ ಬಾಯಿಗೆ ಸುರಿದುಕೊಂಡೆ. ಅಂಗುಳಕ್ಕೆ ಮೆತ್ತಿಕೊಂಡಿತು. ಕೈ ನಡುಗುತ್ತಿತ್ತು, ಕತ್ತಿನ ಹಿಂದೆ ತಣ್ಣನೆ ಬೆವರು. ಇನ್ನು 15 ನಿಮಿಷ ಕಾಯಬೇಕು. ಹತ್ತು ನಿಮಿಷಕ್ಕೆ 61. ಆಮೇಲೆ 58. ಹುಬ್ಬಳ್ಳಿಯಿಂದ ಅವ್ವನ ಫೋನ್ ಬಂತು. ನನ್ನ ಸೆನ್ಸರಿನ ಲೆಕ್ಕ ಅವಳ ಮೊಬೈಲಿಗೂ ಹೋಗುತ್ತದೆ.

“ಯವ್ವಾ, ಐವತ್ತೆಂಟು ಆಗೇತಲ್ಲ! ಏನರ ತಿಂದಿ?”

“ತಿಂದೇನವ್ವ.”

“ಮತ್ತ ಬಾಣ ಇನ್ನೂ ಕೆಳಗ ಹೊಂಟೈತಿ? ಇನ್ನಷ್ಟು ತಿನ್ನು.”

ಮೊದಲಾಗಿದ್ದರೆ ತಿನ್ನುತ್ತಿದ್ದೆ. ಚೀಲದಲ್ಲಿ ಬಿಸ್ಕತ್ತು ಇತ್ತು. ಇಡೀ ಪ್ಯಾಕೆಟ್ ಮುಗಿಸಿ, ಡೊಂಬಿವಲಿಯಲ್ಲಿ ಇಳಿಯುವಾಗ 280 ಮಾಡಿಕೊಂಡು, ಮತ್ತೆ ಪೆನ್ ತೆಗೆಯುತ್ತಿದ್ದೆ. ಆದರೆ ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಸಕ್ಕರೆ ಬೇಗ ಏರಿಳಿಯುವಾಗ ಅದು ಐದು-ಹತ್ತು ನಿಮಿಷ ಹಿಂದೆಯೇ ಉಳಿದಿರುತ್ತದೆ. ಗ್ಲೂಕೋಮೀಟರ್ ತೆಗೆದೆ. ಪಕ್ಕದಲ್ಲಿ ಮೆಂತ್ಯ ಸೋಸುತ್ತಿದ್ದ ಹೆಂಗಸು ಕೇಳದೆಯೇ ತನ್ನ ಕಟ್ಟು ಸರಿಸಿ ಜಾಗ ಮಾಡಿದಳು. ಬೆರಳು ಒರೆಸಿ, ಚುಚ್ಚಿ, ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸಿದೆ. ಐದು ಸೆಕೆಂಡ್. 81.

“ಅವ್ವ, ಏರಾಕತ್ತೈತಿ. ನಿನ್ನ ಮೊಬೈಲಿಗೆ ಇನ್ನೂ ಗೊತ್ತಾಗಿಲ್ಲ ಅಷ್ಟ.”

ಅವಳು ನಂಬಲಿಲ್ಲ. ರೈಲು ಹೊರಟು ಘಾಟ್ಕೋಪರ್ ಬಂದಾಗ ಅವಳೇ ಮತ್ತೆ ಫೋನ್ ಮಾಡಿ, ಬಾಣ ಅಡ್ಡ ಆತು ಅಂದಳು.

ರಾತ್ರಿ ಆ ದಿನದ ಗ್ರಾಫ್ ತೆಗೆದು ಕೂತೆ. ಬೆಟ್ಟ ಹತ್ತಿ ಕಮರಿಗೆ ಬಿದ್ದ ಹಾಗಿತ್ತು. ಇಷ್ಟು ದಿನ ಮಸಾಲೆ ದೋಸೆಗೆ 6 ಯೂನಿಟ್ ಸಾಲದು ಅಂತಲೇ ತಿಳಿದಿದ್ದೆ. ನೋಡಿದರೆ ಡೋಸ್ ಸರಿ ಇತ್ತು, ತಪ್ಪಿದ್ದು ಹೊತ್ತು. ಇನ್ಸುಲಿನ್ ಕೆಲಸ ಶುರು ಮಾಡುವ ಹೊತ್ತಿಗೆ ದೋಸೆಯ ಅಕ್ಕಿ ಸಕ್ಕರೆಯಾಗಿ ರಕ್ತ ಸೇರಿ ಕೂತಿತ್ತು.

ಮುಂದಿನ ಭಾನುವಾರ ಟೇಬಲ್ ಸಿಕ್ಕ ಮೇಲೆ ವೇಟರನ್ನು ಕೇಳಿದೆ. “ಹತ್ತು ನಿಮಿಷ ಆಗ್ತದೆ ಅಕ್ಕ” ಅಂದ. ಪೆನ್ ತೆಗೆದು 6 ಯೂನಿಟ್ ಹಾಕಿಕೊಂಡೆ. ಎರಡೇ ನಿಮಿಷಕ್ಕೆ ದೋಸೆ ಬಂತು. ಮುಟ್ಟದೆ ಕೂತೆ. ನನ್ನ ಕುರ್ಚಿಯ ಹಿಂದೆ ಟೇಬಲ್ಲಿಗಾಗಿ ಕಾಯುತ್ತಿದ್ದ ಕುಟುಂಬ ಒಮ್ಮೆ ದೋಸೆ ನೋಡಿತು, ಒಮ್ಮೆ ನನ್ನನ್ನು ನೋಡಿತು. ವೇಟರ್ ಓಡಿ ಬಂದ.

“ಎಂತ ಆಯ್ತು ಅಕ್ಕ, ದೋಸೆ ಸರಿ ಇಲ್ವಾ?”