ಆಗುಂಬೆ ಇಳಿದ ಮೇಲೆ ಶುರುವಾದ ನಡುಕ

ಶಿವಮೊಗ್ಗದಿಂದ ಆಗುಂಬೆ ಮೇಲೆ ಉಡುಪಿಗೆ ಸ್ವಂತ ಕಾರಿನಲ್ಲಿ ಹೊರಟವರು ಇದನ್ನು ಓದಿಕೊಂಡು ಹೋಗಿ. ನೋಡುವ ಜಾಗಗಳನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬ್ರೇಕ್ ಬಗ್ಗೆ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮದು ಒಂಬತ್ತು ವರ್ಷದ ಸಣ್ಣ ಕಾರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್. ಐದು ಜನ, ಮೇಲೆ ಅಮ್ಮನ ಎರಡು ಚೀಲ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋಣ ಅಂತ ನಿಂತೆವು. ಮೋಡ ಇತ್ತು, ಜನ ಇದ್ದರು, ಸೂರ್ಯ ಮಾತ್ರ ಇರಲಿಲ್ಲ. ನನಗಂತೂ ಆ ಗದ್ದಲ ಆಗಿಬರುವುದಿಲ್ಲ. ಹತ್ತೇ ನಿಮಿಷಕ್ಕೆ ಹೊರಟೆ.

ಘಾಟಿಯಲ್ಲಿ 14 ಕಡಿದಾದ ತಿರುವು. ಮುಂದೆ ಒಂದು ಟೆಂಪೊ ಆಮೆಯ ಹಾಗೆ ಇಳಿಯುತ್ತಿತ್ತು. ನಾನು ಮೂರನೇ ಗೇರಿನಲ್ಲೇ, ಬ್ರೇಕ್ ಮೇಲಿನ ಕಾಲು ತೆಗೆಯದೆ ಇಳಿದೆ. ಸೋಮೇಶ್ವರ ಹತ್ತಿರ ಬರುವಾಗ ಏನೋ ಸುಟ್ಟ ವಾಸನೆ. "ಯಾರೋ ಕಸ ಸುಡ್ತಿದ್ದಾರೆ ಕಣೋ" ಅಂದರು ಅಮ್ಮ. ನಾನೂ ನಂಬಿದೆ. ಕೆಳಗೆ ವಾಹನಗಳ ಸಾಲು ನಿಂತಿತ್ತು. ಅಲ್ಲಿಯೂ ಐದು ನಿಮಿಷ ಬ್ರೇಕ್ ಒತ್ತಿ ಹಿಡಿದೇ ನಿಂತೆ. ತಪ್ಪಾಗಿದ್ದು ಅಲ್ಲೇ ಅಂತ ಆಮೇಲೆ ಗೊತ್ತಾಯಿತು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್, ಅದನ್ನು ಒತ್ತಿ ನಿಲ್ಲಿಸುವುದು ಪ್ಯಾಡ್. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಕಚ್ಚಿ ಹಿಡಿದರೆ, ಪ್ಯಾಡಿನ ಪುಡಿ ಅಲ್ಲಿ ಪದರವಾಗಿ ಅಂಟುತ್ತದಂತೆ.

ಉಡುಪಿಯ ಎರಡು ದಿನದ ಬಗ್ಗೆ ಹೇಳುವಂಥದ್ದೇನಿಲ್ಲ. ಹೈವೇಯಲ್ಲಿ 80ರ ವೇಗದಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಗಡಗಡ ಅನ್ನುತ್ತಿತ್ತು, ಅಷ್ಟೇ ನೆನಪು.

ವಾಪಸ್ ಬರುವಾಗ ದಾರಿಯಲ್ಲಿ ಒಂದು ಟೈರ್ ಅಂಗಡಿಗೆ ಹೋದೆ. ಮಾತು ಮುಗಿಯುವ ಮೊದಲೇ ಕಾರು ಮೆಷಿನ್ ಮೇಲೆ ಹತ್ತಿತ್ತು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ 900 ರೂಪಾಯಿ. ಅರ್ಧ ಕಿಲೋಮೀಟರ್ ಓಡಿಸಿದೆ, ಅದೇ ನಡುಕ. ತಿರುಗಿ ಬಂದು ಹೇಳಿದರೆ "ಹಾಗಾದ್ರೆ ಲೋಯರ್ ಆರ್ಮ್ ಹೋಗಿದೆ ಸಾರ್, ಎಲ್ಲ ಸೇರಿ 11,500 ಆಗುತ್ತೆ" ಅಂದ. ಲೋಯರ್ ಆರ್ಮ್ ಅಂದರೆ ಚಕ್ರವನ್ನು ಕಾರಿನ ತಳಕ್ಕೆ ಹಿಡಿದಿಡುವ ತೋಳು. ಬಗ್ಗಿ ಕೆಳಗೆ ನೋಡಲೂ ಇಲ್ಲ! ನಾಳೆ ಬರ್ತೀನಿ ಅಂತ ಹೇಳಿ ಕಾರು ಹತ್ತಿದೆ.

ತೀರ್ಥಹಳ್ಳಿ ತಲುಪುವಾಗ ಹೊಟ್ಟೆಯೂ ಖಾಲಿ, ತಲೆಯೂ ಬಿಸಿ. ನಾಲ್ಕೇ ಟೇಬಲ್ಲಿನ ಒಂದು ಹೋಟೆಲಿಗೆ ನುಗ್ಗಿದೆವು. ಬೋರ್ಡಿನ ಬಣ್ಣ ಅಳಿಸಿಹೋಗಿ ಹೆಸರೇ ಕಾಣುತ್ತಿರಲಿಲ್ಲ. ಬಾಳೆಲೆಯ ಮೇಲೆ ಹಬೆಯಾಡುವ ಕಡುಬು ಬಂತು. ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಅದಕ್ಕೆ ಕೊಬ್ಬರಿ ಎಣ್ಣೆ ಸುರಿದು, ಪಕ್ಕದಲ್ಲಿ ಗಟ್ಟಿ ಕಾಯಿ ಚಟ್ನಿ ಹಾಕಿದರು. ಪ್ಲೇಟಿಗೆ 40 ರೂಪಾಯಿ. ಆಮೇಲೆ ಅಕ್ಕಿ ರೊಟ್ಟಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿಯ ಸೊನೆ ಪರಿಮಳ ಕೈಯಿಂದ ಸಂಜೆಯವರೆಗೂ ಹೋಗಲಿಲ್ಲ. ಅಡುಗೆಮನೆಯಿಂದ ಹೊರಬಂದ ಅಜ್ಜಿ "ಇನ್ನೊಂದು ಹಾಕಿಸ್ಕೊ ತಮ್ಮ, ಇಷ್ಟೇ ತಿಂದ್ರೆ ಹೆಂಗೆ?" ಅಂದರು. ನಾಲ್ಕನೆಯದನ್ನೂ ತಿಂದೆ. ಐದು ಜನರ ಬಿಲ್ಲು 410. ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಬೇಜಾರಾಗದೆ ಇದ್ದ ಜಾಗ ಇದೊಂದೇ.

ಅಲ್ಲಿಂದ ತುಂಗೆಯ ಪಕ್ಕದ ರಸ್ತೆ. ಮಂಡಗದ್ದೆ ಹತ್ತಿರ ಹಸು ಅಡ್ಡ ಬಂದಾಗ ಜೋರಾಗಿ ಬ್ರೇಕ್ ಹಾಕಿದೆ. ಸ್ಟೇರಿಂಗ್ ಕೈ ತಪ್ಪಿಸಿಕೊಂಡು ಹೋಗುತ್ತದೇನೋ ಅನ್ನಿಸಿತು. ಹಸು ಮಾತ್ರ ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ ಶಿವಮೊಗ್ಗದಲ್ಲಿ ಪರಿಚಯದವರು ಹೇಳಿದ ಸಣ್ಣ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮೊದಲು ಕೇಳಿದ್ದೇ ಇದು: "ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತಾ, ಸುಮ್ನೆ ಓಡುವಾಗಲೂ ನಡುಗುತ್ತಾ?" ಸುಮ್ನೆ ಓಡುವಾಗಲೂ ನಡುಗಿದರೆ ಮೊದಲು ಟೈರ್, ಬ್ಯಾಲೆನ್ಸಿಂಗ್ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಆದರೆ ಮೊದಲ ಅನುಮಾನ ಬ್ರೇಕಿನ ಮೇಲೆಯೇ. ಸ್ಟೇರಿಂಗ್ ಅದುರಿದರೆ ಹೆಚ್ಚಾಗಿ ಮುಂದಿನ ಡಿಸ್ಕ್. ಸ್ಟೇರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಡ್ರಮ್ ನೋಡಬೇಕು. ಜೋರಾಗಿ ಬ್ರೇಕ್ ಹೊಡೆದಾಗ ಪೆಡಲ್ ಟರ್‌ರ್ ಅಂತ ಕಾಲನ್ನು ಒದ್ದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ, ಹೆದರಬೇಡಿ.

ಚಕ್ರ ಬಿಚ್ಚಿದಾಗ ಡಿಸ್ಕಿನ ಮೇಲೆ ನೀಲಿ ಛಾಯೆಯ ಕಲೆಗಳು ಕಂಡವು. ಅದಕ್ಕೆ ಡಯಲ್ ಗೇಜ್ ಅನ್ನುವ, ಸಣ್ಣ ಓರೆಯನ್ನೂ ಅಳೆಯುವ ಮುಳ್ಳಿನ ಮಾಪಕ ತಾಗಿಸಿ, ಡಿಸ್ಕನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದ. ಮುಳ್ಳು 0.12 ಮಿಲಿಮೀಟರ್ ಓಲಾಡಿತು. "0.05 ಒಳಗೆ ಇರ್ಬೇಕು ಸಾರ್" ಅಂದ. ನಮ್ಮ ಕಣ್ಣಿಗೆ ಕಾಣದ ಓರೆ, ಸ್ಟೇರಿಂಗಿಗೆ ಬಂದಾಗ ಅಷ್ಟು ದೊಡ್ಡ ನಡುಕ. ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕು ಇತ್ತು, ಅದನ್ನು ಉಜ್ಜಿ ತೆಗೆದ. ಆಮೇಲೂ ಮುಳ್ಳು 0.08ರಲ್ಲಿತ್ತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಕೂಡ ಎಡಗಡೆ ಸರಿದಾಡದೆ ಹಿಡಿದುಕೊಂಡಿತ್ತು. ಅದಕ್ಕೇ ಒಂದು ಪ್ಯಾಡ್ ಜಾಸ್ತಿ ಸವೆದಿತ್ತು.

ಹೊಸ ಡಿಸ್ಕ್ ಬೇಡ ಅಂದ. ಎಷ್ಟು ದಪ್ಪಕ್ಕಿಂತ ಕಡಿಮೆ ಆಗಬಾರದು ಅನ್ನುವುದನ್ನು ಡಿಸ್ಕಿನ ಮೇಲೇ ಕೆತ್ತಿದ್ದರು, ನಮ್ಮದರಲ್ಲಿ 18 ಮಿಲಿಮೀಟರ್. ಅಳೆದರೆ 18.9 ಇತ್ತು. ಲೇತಿನಲ್ಲಿ ಎರಡನ್ನೂ ತೆಳುವಾಗಿ ಹೆರೆಸಿ ತಂದ. ಲೇತಿಗೆ 700, ಪ್ಯಾಡಿಗೆ 1,450, ಕೂಲಿ 600. ಚಕ್ರದ ನಟ್ಟುಗಳನ್ನು ಏರ್ ಗನ್ನಿನಲ್ಲಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದು ಅನ್ನುವ ಹಾಗೆ ಕೈಯಲ್ಲೇ ಬಿಗಿದ. ಗನ್ನಿನಲ್ಲಿ ಒಂದೊಂದು ಒಂದೊಂದು ಥರ ಬಿಗಿದರೂ ಡಿಸ್ಕ್ ಓರೆಯಾಗುತ್ತದಂತೆ. ಮೊದಲ 300 ಕಿಲೋಮೀಟರ್ ಜೋರಾಗಿ ಬ್ರೇಕ್ ಹೊಡೆಯಬೇಡಿ ಅಂತಲೂ ಹೇಳಿ ಕಳಿಸಿದ.

ನೀವು ಘಾಟಿ ಇಳಿಯುವಾಗ ಎರಡನೇ ಗೇರ್ ಹಾಕಿ, ಕಡಿದಾದ ತಿರುವಿನಲ್ಲಿ ಮೊದಲನೆಯದು. ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ, ಅವನ ಡಿಸ್ಕ್ ಅವನಿಗೆ. ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗೇರಿನಲ್ಲಿಟ್ಟು ಬ್ರೇಕ್ ಪೆಡಲ್ ಬಿಡಿ, ಚಕ್ರಕ್ಕೆ ನೀರು ಹಾಕಬೇಡಿ. ಕಡುಬು ಬೇಕಾದರೆ ತೀರ್ಥಹಳ್ಳಿಗೆ ಒಂಬತ್ತರ ಒಳಗೆ ಬನ್ನಿ. ಆಮೇಲೆ ಖಾಲಿಯಾಗಿರುತ್ತದೆ ಅಂದರು ಅಜ್ಜಿ, ನಮಗೆ ಸಿಕ್ಕಿದ್ದು ಅವತ್ತಿನ ಅದೃಷ್ಟ.