ಹಳೇ ಪೇಟೆಯ ಇಲಿಗಳು ಮತ್ತು ಒಂದು ಭಾನುವಾರ

ದಾವಣಗೆರೆಯ ಹಳೇ ಪೇಟೆಯಲ್ಲಿ ಯಾರ ಮನೆಯೂ ಒಂಟಿಯಾಗಿ ನಿಂತಿಲ್ಲ. ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರ ತೊಲೆ ಕೂತಿದೆ. ಬೆಕ್ಕು ನೆಲಕ್ಕೆ ಇಳಿಯದೆ ಈ ತುದಿಯ ಅಟ್ಟದಿಂದ ಆ ತುದಿಯ ಅಟ್ಟಕ್ಕೆ ಹೋಗಿ ಬರುತ್ತದೆ. ಹತ್ತಿ ಮಿಲ್ಲುಗಳು ಹಗಲು ರಾತ್ರಿ ಓಡುತ್ತಿದ್ದ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಸಾಲುಗಳಿವು: ಮುಂದೆ ಅಂಗಡಿ, ಹಿಂದೆ ಗೋದಾಮು, ಮೇಲೆ ಸಂಸಾರ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹತ್ತಿಯ ಅಂಡಿಗೆ ಇದ್ದ ಜಾಗಕ್ಕೆ ಮೆಕ್ಕೆಜೋಳ, ಅಕ್ಕಿ, ಮಂಡಕ್ಕಿ ಬಂದವು. ಹತ್ತಿಯಲ್ಲಿ ಇಲಿಗೆ ಗೂಡು ಮಾತ್ರ ಸಿಗುತ್ತಿತ್ತು, ಈಗ ಊಟವೂ ಸಿಕ್ಕಿತು.

ನಮ್ಮದು ಮಂಡಕ್ಕಿಯ ಸಗಟು ವ್ಯಾಪಾರ. ಭಟ್ಟಿಯಿಂದ ಬರುವ ಚೀಲಗಳು ಆಳೆತ್ತರ ಇರುತ್ತವೆ, ಒಂದು ಮೂಲೆ ಹರಿದರೆ ಸಾಕು, ಮಂಡಕ್ಕಿ ಮೆತ್ತಗಾಗಿ ಇಡೀ ಚೀಲ ದನದ ಪಾಲಾಗುತ್ತದೆ. ಕಳೆದ ವರ್ಷ ದೀಪಾವಳಿಗೆ ಮುಂಚೆ, ನಮ್ಮ ಸಾಲಿನ ಹಿಂದೆ ವರ್ಷಗಟ್ಟಲೆ ಬೀಗ ಜಡಿದಿದ್ದ ಒಂದು ಗೋದಾಮನ್ನು ಕೆಡವಿದರು. ಕೆಡವುವ ಮುಂಚೆ ಒಳಗಿನ ಇಲಿಗಳಿಗೆ ಏನಾದರೂ ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಗೋಡೆ ಬಿದ್ದ ರಾತ್ರಿಯಿಂದಲೇ ನಮ್ಮ ಅಟ್ಟದಲ್ಲಿ ಓಡಾಟ ಶುರುವಾಯಿತು. ಚೀಲಗಳು ಹರಿದವು, ಮಗಳ ಶಾಲೆಯ ಸಮವಸ್ತ್ರ ತೂತಾಯಿತು, ಫ್ರಿಜ್ಜಿನ ವೈರು ತುಂಡಾಯಿತು. ಇಲಿಯ ಮುಂದಿನ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಹೊಟ್ಟೆ ತುಂಬಿದ್ದರೂ ಅದು ಕಡಿಯಲೇಬೇಕು.

ಸಾಲಿನಲ್ಲಿ ಎಲ್ಲರೂ ತಮಗೆ ತಿಳಿದದ್ದನ್ನು ಮಾಡಿದರು. ಟೈಲರ್ ಅಂಗಡಿಯವರು ಬೋನು ತಂದರು. ಖಾನಾವಳಿಯವರು ಅಂಟಿನ ಹಲಗೆ ಹಾಸಿದರು. ಅದಕ್ಕೆ ಸಿಕ್ಕ ಇಲಿ ಗಂಟೆಗಟ್ಟಲೆ ಕಿರುಚಿ ಒದ್ದಾಡಿ ಸಾಯುತ್ತದೆ. ಕೊಲ್ಲಲೇಬೇಕಾದ ಜೀವವನ್ನೂ ಹಾಗೆ ಕೊಲ್ಲಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರು ಓಡಿಸಿದ್ದು ಪಕ್ಕದವರ ಮನೆಗೆ ಬಂತು, ಪಕ್ಕದವರು ಬೆದರಿಸಿದ್ದು ನಮ್ಮಲ್ಲಿಗೆ ಬಂತು. "ನಿಮ್ಮ ಇಲಿ, ನಮ್ಮ ಇಲಿ" ಎಂದು ಜಗಳಗಳೂ ಆದವು. ಕೊನೆಗೆ ಕಿರಾಣಿ ಅಂಗಡಿಯ ಸಾಹುಕಾರರು, ಕೀಟ ನಿಯಂತ್ರಣದ ಕೆಲಸದಲ್ಲೇ ತಲೆ ನರೆತ ಒಬ್ಬರನ್ನು ಕರೆಸಿದರು. ಅವರ ತಂದೆ ಮಿಲ್ಲಿನಲ್ಲಿ ನೂಲು ತೆಗೆಯುತ್ತಿದ್ದವರಂತೆ. ನಾನು ಅವರನ್ನು ಅಣ್ಣ ಎಂದೇ ಕರೆದೆ.

ಅಣ್ಣ ಒಂದು ಷರತ್ತು ಹಾಕಿದರು: "ಸಾಲಿನ ಅಷ್ಟೂ ಮನೆ ಒಪ್ಪಿದರೆ ಬರುತ್ತೇನೆ. ಒಂದು ಮನೆ ಬಿಟ್ಟರೂ ನಿಮ್ಮ ದುಡ್ಡು ದಂಡ." ಎಲ್ಲರೂ ಒಪ್ಪುವುದಕ್ಕೆ ಸಾಹುಕಾರರು ಮನೆಮನೆ ಹತ್ತಿ ಇಳಿಯಬೇಕಾಯಿತು. ಶನಿವಾರ ಸಂಜೆ ಅವರು ಬಂದಾಗ ಚೀಲದಲ್ಲಿ ಮದ್ದಿರಲಿಲ್ಲ, ಒಂದು ಸೇರು ರಂಗೋಲಿ ಪುಡಿ ಇತ್ತು. ಅಟ್ಟದಲ್ಲಿ, ಚೀಲಗಳ ಹಿಂದೆ, ಬಚ್ಚಲ ಕೊಳವೆಯ ಸುತ್ತ ಅದನ್ನು ತೆಳ್ಳಗೆ ಉದುರಿಸಿ, ಬೆಳಗಿನವರೆಗೆ ಯಾರೂ ಗುಡಿಸಬಾರದು ಎಂದು ಹೇಳಿ ಹೋದರು.

ಭಾನುವಾರ ಬೆಳಗ್ಗೆ ಅವರ ಹಿಂದೆ ನಾನೂ ಅಟ್ಟ ಹತ್ತಿದೆ. ಟಾರ್ಚನ್ನು ನೇರವಾಗಿ ಹಿಡಿಯದೆ ನೆಲಕ್ಕೆ ಓರೆಯಾಗಿ ಹಿಡಿದರು. ಬಿಳಿ ಪುಡಿಯ ಮೇಲೆ ಸಣ್ಣ ಸಣ್ಣ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ, ಎಲ್ಲವೂ ಗೋಡೆಯ ಅಂಚು ಹಿಡಿದೇ ಸಾಗಿದ್ದವು. ಕೋಣೆಯ ನಡುವೆ ಒಂದು ಹೆಜ್ಜೆಯೂ ಇರಲಿಲ್ಲ. "ಇಲಿ ಬಯಲಿಗೆ ಬರುವುದಿಲ್ಲ ತಂಗಿ. ಮೀಸೆ ಗೋಡೆಗೆ ತಾಗುತ್ತಿದ್ದರೇ ಅದಕ್ಕೆ ಧೈರ್ಯ" ಎಂದರು. ತೊಲೆಯ ಪಕ್ಕ ಗೋಡೆಯ ಮೇಲೆ ಎಣ್ಣೆ ಸವರಿದಂಥ ಒಂದು ಕಪ್ಪು ಪಟ್ಟಿ ಇತ್ತು. ನಾವು ಹೊಗೆಯ ಮಸಿ ಎಂದುಕೊಂಡಿದ್ದೆವು. ಅದು ಒಂದೇ ದಾರಿಯಲ್ಲಿ ತಿರುಗಿ ತಿರುಗಿ ಹೋದ ಇಲಿಗಳ ಮೈಯ ಜಿಡ್ಡು. ಪಟ್ಟಿಯನ್ನು ಹಿಡಿದು ಹೋದರೆ, ಹಳೆಯ ನೀರಿನ ಕೊಳವೆ ಟೈಲರ್ ಅಂಗಡಿಯೊಳಗೆ ದಾಟುವಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ಬಿಲ! ಆಚೆ ಕಡೆ ಅಂಥದೇ ಇನ್ನೊಂದು. ಒಂದು ಬೀದಿ ಗೋಡೆಯೊಳಗೇ ಇತ್ತು.

ಹಿಕ್ಕೆ ನೋಡಿಯೂ ಅವರು ಲೆಕ್ಕ ಹಾಕಿದರು. ಎರಡೂ ತುದಿ ಚೂಪಾಗಿದ್ದರೆ ಅಟ್ಟದ ಇಲಿ. ಮೆತ್ತಗೆ ಹೊಳೆಯುತ್ತಿದ್ದರೆ ರಾತ್ರಿಯದ್ದು, ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದ್ದರೆ ಹಳೆಯದು. ಹಿತ್ತಲಿನ ಚರಂಡಿಯ ಪಕ್ಕ ಮಣ್ಣು ಗುಡ್ಡೆಯಾಗಿದ್ದದ್ದು ಹೆಗ್ಗಣದ ಕೆಲಸ. ಉದ್ದ ಮೂತಿಯ ಸೊಂಡಿಲಿಯೂ ಒಂದು ಕಂಡಿತು. ಅದನ್ನು ಬಿಟ್ಟುಬಿಡಿ ಎಂದರು. ಅದು ಧಾನ್ಯದ ಗೋಜಿಗೆ ಹೋಗದೆ ಜಿರಲೆ, ಹುಳು ತಿನ್ನುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮದ್ದಿನ ಮಾತು ಬಂತು, ಆಗ ಸ್ವಲ್ಪ ಬಿಸಿಯಾಯಿತು. ಸಾಲಿನಲ್ಲೊಬ್ಬರು ಧಾನ್ಯಕ್ಕೆ ಹಾಕುವ ಮಾತ್ರೆಗಳನ್ನು ಎಲ್ಲಿಂದಲೋ ತಂದಿಟ್ಟುಕೊಂಡಿದ್ದರು. "ಎರಡು ಮಾತ್ರೆ ಬಿಲಕ್ಕೆ ಹಾಕಿ ಮಣ್ಣು ಮೆತ್ತಿದರೆ ಮುಗಿಯಿತಲ್ಲ?" ಎಂದರು. ಅಲ್ಲಿಯವರೆಗೆ ಮೆಲ್ಲಗೆ ಮಾತಾಡುತ್ತಿದ್ದ ಅಣ್ಣ ಧ್ವನಿ ಏರಿಸಿದರು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫಿನ್ ಅನಿಲ ಬಿಡುತ್ತದೆ. ಗೋದಾಮಿನಲ್ಲಿ ತಾಡಪಾಲು ಹೊದಿಸಿ, ತಿಳಿದವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕೆಂದು ಕಾನೂನೇ ಇದೆ. ಗೋಡೆಯ ಬಿಲಕ್ಕೆ ಹಾಕಿದರೆ ಅನಿಲ ಇಲಿಯ ದಾರಿಯಲ್ಲೇ ಸಾಗಿ ಪಕ್ಕದವರು ಮಲಗುವ ಕೋಣೆಗೆ ಬರುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಹಳದಿ ರಂಜಕದ ಇಲಿಪೇಸ್ಟಿಗೂ ಇಲ್ಲ, ಅದು ಯಕೃತ್ತನ್ನೇ ಹಾಳು ಮಾಡುತ್ತದೆ. "ಮಕ್ಕಳು ಓಡಾಡುವ ಸಾಲಿದು ಸಾಹುಕಾರರೇ. ಆ ಮಾತ್ರೆ ಇಲ್ಲಿ ಇದ್ದರೆ ನಾನು ಈಗಲೇ ಹೊರಟೆ." ಮಾತ್ರೆಗಳ ಡಬ್ಬಿಯನ್ನು ಅವರೇ ತೆಗೆದುಕೊಂಡು ತಮ್ಮ ಸಂಸ್ಥೆಗೆ ಒಪ್ಪಿಸಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ಕೆಲಸ ಹೋದರೂ ಸರಿ ಎಂದು ನಿಂತವರು ಅವರು.

ಆದರೆ ಅವರು ವಿಷವನ್ನೇ ಬಳಸದವರೂ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಾಡಿಯೋಲೋನ್ ಬಿಲ್ಲೆಗಳನ್ನು, ಬೀಗ ಹಾಕುವ ಪೆಟ್ಟಿಗೆಯೊಳಗಿಟ್ಟು, ಹಿತ್ತಲಲ್ಲಿ ಮಾತ್ರ ಇಟ್ಟರು. ಅದನ್ನು ತಿಂದ ಇಲಿ ಸಾಯುವುದಕ್ಕೆ ಕೆಲವು ದಿನ ಬೇಕು. ಬಾಯಾರಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎನ್ನುವುದು ಮಾರುವವರ ಮಾತು. ನಿಜದಲ್ಲಿ ಎಷ್ಟೋ ಸಲ ಅಟ್ಟದ ಸಂದಿಯಲ್ಲೇ ಸತ್ತು ಮನೆಯೆಲ್ಲ ನಾರುತ್ತದೆ. ಸತ್ತ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ಅಪಾಯ. ಹಾಗಾಗಿ ಮನೆಯೊಳಗೆ ಬೋನು ಮತ್ತು ಚಾಪು (ಇಲಿ ಮುಟ್ಟಿದರೆ ಸ್ಪ್ರಿಂಗಿನಿಂದ ಬಡಿಯುವ ಸಾಧನ) ಮಾತ್ರ.

ಅದರಲ್ಲೂ ಒಂದು ಕ್ರಮವಿದೆ. ಇಲಿ ಹೊಸ ವಸ್ತುವನ್ನು ಕಂಡರೆ ಹೆದರಿ ದೂರ ಇರುತ್ತದೆ. ಮೊದಲ ಕೆಲವು ರಾತ್ರಿ ಬೋನನ್ನು ಹೂಡದೆ, ಬಾಗಿಲು ತೆರೆದು, ಒಳಗೆ ತಿಂಡಿ ಇಟ್ಟು ಬಿಡಬೇಕು. ನಮ್ಮ ಸಾಲಿನಲ್ಲಿ ತಿಂಡಿ ಎಂದರೆ ಮಿರ್ಚಿಯ ತುಂಡು. ಆ ಎಣ್ಣೆಯ ವಾಸನೆಗೆ ಮನುಷ್ಯರೇ ನಿಲ್ಲುತ್ತಾರೆ. ಅಂಜಿಕೆ ಬಿಟ್ಟು ತಿನ್ನತೊಡಗಿದ ಮೇಲೆ ಎಲ್ಲ ಮನೆಗಳಲ್ಲೂ ಒಂದೇ ರಾತ್ರಿ ಹೂಡಬೇಕು. ಅಷ್ಟರೊಳಗೆ ಬಿಲಗಳನ್ನು ಮುಚ್ಚುವ ಕೆಲಸ ಸಾಲಿನ ಹುಡುಗರದ್ದಾಯಿತು. ಸಿಮೆಂಟಿಗೆ ಗಾಜಿನ ಚೂರು ಬೆರೆಸಿ ಮೆತ್ತಿದರು, ಬಾಗಿಲುಗಳ ಅಡಿಗೆ ತಗಡು ಹೊಡೆದರು. ಪೆನ್ನು ತೂರುವಷ್ಟು ಸಂದಿದ್ದರೆ ಸಣ್ಣ ಇಲಿ ಬಂದೇ ಬರುತ್ತದೆ. ನಮ್ಮ ಚೀಲಗಳನ್ನು ಗೋಡೆಯಿಂದ ಒಂದು ಮೊಳ ಈಚೆ, ಮರದ ಹಲಗೆಗಳ ಮೇಲೆ ಪೇರಿಸಿದೆವು. ಗೋಡೆ ಮತ್ತು ಚೀಲಗಳ ನಡುವೆ ಮನುಷ್ಯ ನಡೆದಾಡುವಂತಿದ್ದರೆ ಇಲಿ ಅಲ್ಲಿ ಗೂಡು ಕಟ್ಟುವುದಿಲ್ಲ.

ಖಾನಾವಳಿಯಲ್ಲಿ ಇಲಿಗಿಂತ ಜಿರಲೆಯದೇ ಹಾವಳಿ. ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಸಣ್ಣ ಜರ್ಮನ್ ಜಿರಲೆ ಚರಂಡಿಯದ್ದಲ್ಲ, ಫ್ರಿಜ್ಜಿನ ಮೋಟರಿನ ಬೆಚ್ಚಗಿನ ಸಂದಿಯದು. ಹೆಣ್ಣು ಮೊಟ್ಟೆಯ ಕೋಶವನ್ನು ಮರಿ ಒಡೆಯುವ ತನಕ ಮೈಗೆ ಅಂಟಿಸಿಕೊಂಡೇ ತಿರುಗುತ್ತದೆ, ಒಂದೊಂದರಲ್ಲಿ 30-40 ಮರಿ. ಅವರು ದಿನವೂ ಸ್ಪ್ರೇ ಹೊಡೆಯುತ್ತಿದ್ದರು. ಅಣ್ಣ ಅದನ್ನು ನಿಲ್ಲಿಸಿ, ಸಂದುಗಳಲ್ಲಿ ಕಾಳಿನಷ್ಟು ವಿಷದ ಜೆಲ್ ಇಟ್ಟರು. ಸ್ಪ್ರೇ ವಾಸನೆ ಇದ್ದಲ್ಲಿ ಜಿರಲೆ ಜೆಲ್ ಮುಟ್ಟುವುದಿಲ್ಲ. ತಿಂದು ಸತ್ತದ್ದನ್ನು ಇನ್ನೊಂದು ತಿಂದು ಅದೂ ಸಾಯುತ್ತದೆ.

ನಲ್ಲಿ ನೀರು ದಿನವೂ ಬರದ ಕಾರಣ ಪ್ರತಿ ಮನೆಯಲ್ಲೂ ಡ್ರಮ್ಮುಗಳಿವೆ. ಡೆಂಗಿ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ನಮ್ಮ ತೊಲೆಯ ಗೆದ್ದಲಿಗೆ ಬೇರೆ ದಿನ ಬರುತ್ತೇನೆಂದರು. ಅಕ್ಕಿಯ ಮೂತಿ ಹುಳಕ್ಕೆ ಬೇವಿನ ಸೊಪ್ಪು, ಬಜೆ, ಬಿಸಿಲು ಎಂದು ಅತ್ತೆ ಹೇಳಿದ್ದನ್ನು ಅವರು ತಲೆಯಾಡಿಸಿ ಒಪ್ಪಿದರು.

ಸಂಜೆ ಅತ್ತೆ ಹಳೆಯ ಮಾತೊಂದನ್ನು ತೆಗೆದರು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ಪ್ಲೇಗು ಬಂದ ಮೇಲೆ ಊರೂರುಗಳಲ್ಲಿ, ಅಟ್ಟದಿಂದ ಸತ್ತ ಇಲಿ ಬಿದ್ದರೆ ಮನೆಮಂದಿಯೆಲ್ಲ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಈಗ ಪ್ಲೇಗಿಲ್ಲ, ಇಲಿಜ್ವರ ಇದೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ, ಕಾಲಿನ ಸಣ್ಣ ಗಾಯದ ಮೂಲಕವೂ ಅದು ತಗಲುತ್ತದೆ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ಬ್ಲೀಚಿಂಗ್ ನೀರು ಹಾಕಿ ನೆನೆಸಿ, ಕೈಗವಸು ಹಾಕಿಕೊಂಡು ತೆಗೆಯುವುದನ್ನು ಅಣ್ಣ ನಮಗೆ ಮಾಡಿ ತೋರಿಸಿದ್ದು ಇಲಿಯಿಂದ ಬರುವ ರೋಗಗಳು ತಗಲದಿರಲೆಂದೇ.

ಬೋನುಗಳನ್ನು ಹೂಡಿದ ರಾತ್ರಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇಲಿಗಳು ಬಿದ್ದವು. ದೀಪಾವಳಿಯ ಹೊತ್ತಿಗೆ ನಮ್ಮ ಅಟ್ಟ ಸದ್ದಡಗಿತ್ತು. ಖಾನಾವಳಿಯವರು ಈಗ ಎಂಜಲನ್ನು ರಾತ್ರಿ ಹೊರಗಿಡುವುದಿಲ್ಲ, ಬೆಳಗ್ಗೆ ಗಾಡಿ ಬಂದಾಗಲೇ ಕೊಡುತ್ತಾರೆ. ಇಲಿ ಕಡಿಮೆಯಾಗಿದ್ದಕ್ಕೆ ಎಲ್ಲ ಬೋನುಗಳಿಗಿಂತ ದೊಡ್ಡ ಕಾರಣ ಇದೇ ಎಂದು ನಾನು ನಂಬಿದ್ದೇನೆ. ಚರಂಡಿಯ ಹೆಗ್ಗಣಗಳು ಇನ್ನೂ ಇವೆ. ಹಿತ್ತಲ ಮೋರಿಗಳ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸುವುದೆಂದು ತೀರ್ಮಾನವಾಗಿದೆ. ಖರ್ಚನ್ನು ಮನೆಗೊಂದು ಪಾಲಿನಂತೆ ಹಂಚಿದ್ದೇವೆ, ಖಾನಾವಳಿಯವರು ಎರಡು ಪಾಲು ಕೊಡಲು ಒಪ್ಪಿದ್ದಾರೆ. ವೆಲ್ಡಿಂಗಿನವರು ಅಳತೆ ತೆಗೆದುಕೊಂಡು ಹೋಗಿದ್ದಾರೆ.