ಕಾರವಾರದಲ್ಲಿ ಹೊಲಿದ ಐಸ್ ಸ್ಕೇಟಿಂಗ್ ಡ್ರೆಸ್

ಫಿಗರ್ ಸ್ಕೇಟಿಂಗ್ ಡ್ರೆಸ್ ಅಂದರೆ ಹೊಲಿಯುವವರ ಕಣ್ಣಿಗೆ ಇಷ್ಟೇ. ಮೈಗೆ ಅಂಟಿದ ಈಜುಡುಗೆ, ಅದರ ಸೊಂಟಕ್ಕೆ ಜೋಡಿಸಿದ ಗಿಡ್ಡ ಸ್ಕರ್ಟು, ಮೇಲೆ ಒಂದಿಷ್ಟು ನೆಟ್, ಒಂದಿಷ್ಟು ಹೊಳೆಯುವ ಕಲ್ಲು. ಇದಕ್ಕೆ ಹೊರದೇಶದಲ್ಲಿ ಸಾವಿರಾರು ಡಾಲರ್ ತೆಗೆದುಕೊಳ್ಳುವವರಿದ್ದಾರೆ. ತಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ಕೆಳಗಿದ್ದ ರೇಟು ನೋಡಿ, "ಈ ದುಡ್ಡಲ್ಲಿ ಒಂದು ಮದುವೆಮನೆಯ ಅಷ್ಟೂ ಹೆಂಗಸರ ಬ್ಲೌಸು ಹೊಲಿದು ಮುಗಿಸ್ತಿದ್ದೆ ಮಾರಾಯ" ಅಂದೆ. "ಹಂಗಾದ್ರೆ ಇದನ್ನೂ ನೀನೇ ಹೊಲ್ದುಕೊಡು ಅಕ್ಕಾ" ಅಂದುಬಿಟ್ಟ.

ನಾನಿರುವುದು ಕಾರವಾರದ ಕಾಜುಬಾಗದಲ್ಲಿ, ತವರು ಶಿರಸಿ ಕಡೆ. ಮನೆಯಲ್ಲೇ ಕೂತು ಬ್ಲೌಸು, ಚೂಡಿದಾರ, ಶಾಲೆಯ ಗ್ಯಾದರಿಂಗ್ ಬಂದಾಗ ಮಕ್ಕಳ ಡಾನ್ಸ್ ಡ್ರೆಸ್ ಹೊಲಿಯುತ್ತೇನೆ. ತಮ್ಮನ ಸಂಸಾರ ಗುರುಗ್ರಾಮದಲ್ಲಿ. ಅಲ್ಲಿ ಮಾಲ್ ಒಳಗೇ ಐಸ್ ರಿಂಕ್ ಇದೆ, ಸೊಸೆ, ಅಂದರೆ ತಮ್ಮನ ಮಗಳು, ಸ್ಕೇಟಿಂಗ್ ಅಲ್ಲೇ ಕಲಿತವಳು. ನಮ್ಮ ಕಡೆ ಮಂಜುಗಡ್ಡೆ ಅಂದರೆ ಬೈತಖೋಲ ಬಂದರಿನಲ್ಲಿ ಮೀನಿನ ಮೇಲೆ ಸುರಿಯುವುದು. ಅದರ ಮೇಲೆ ಕುಣಿಯುವ ಹುಡುಗಿಗೆ ಅಂಗಿ ಹೊಲಿಯುತ್ತಿದ್ದೇನೆ ಅಂತ ಪಕ್ಕದ ಮನೆಯವರಿಗೆ ಹೇಳಿದರೆ ನಂಬಲೇ ಇಲ್ಲ.

ಅವಳು ಮೊದಲ ಸ್ಪರ್ಧೆಗೆ ಹೊರಟಿದ್ದಳು. ಸ್ಕೇಟಿಂಗ್ ಬೂಟು, ರಿಂಕಿನ ಫೀಸು, ಕೋಚಿನ ಫೀಸು ಇಷ್ಟರಲ್ಲೇ ತಮ್ಮನ ಕೈ ಖಾಲಿ. ಡ್ರೆಸ್ಸಿಗೆ ಉಳಿದದ್ದು ಐದು ಸಾವಿರ, ಅದೂ ಕೊಸರಾಡಿ. ಮೊದಲು ನಾನು ಹೇಳಿದ್ದು, ಯಾರಾದರೂ ದೊಡ್ಡ ಹುಡುಗಿಯರ ಹಳೇ ಡ್ರೆಸ್ ಸಿಗುತ್ತದಾ ಕೇಳು ಅಂತ. ಮಕ್ಕಳು ಬೆಳೆಯುತ್ತಾರೆ, ಬಟ್ಟೆ ಬೆಳೆಯುವುದಿಲ್ಲ. ಸ್ಕೇಟಿಂಗ್ ಮಾಡುವವರಲ್ಲಿ ಹೀಗೆ ಕೈ ಬದಲಿಸುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಒಂದು ಸಿಕ್ಕಿತು ಕೂಡ, ಚಂದವೂ ಇತ್ತು. ಆದರೆ ಹೆಗಲಿನಿಂದ ಕೆಳಗೆ ಉದ್ದ ಸಾಲಲಿಲ್ಲ. ಎದೆ, ಸೊಂಟ ಸಡಿಲ ಇದ್ದರೆ ಹಿಡಿಯಬಹುದು. ಉದ್ದ ಕಡಿಮೆ ಇದ್ದರೆ ಮಾತ್ರ ಆ ಡ್ರೆಸ್ ಕೈಬಿಡಿ. ಕೈ ಎತ್ತಿದಾಗೆಲ್ಲ ಕೆಳಗಿಂದ ಎಳೆಯುತ್ತದೆ.

ಈ ಉದ್ದದ ಅಳತೆ ಬ್ಲೌಸ್ ಹೊಲಿಯುವವರಿಗೆ ಹೊಸದು. ಟೇಪನ್ನು ಒಂದು ಹೆಗಲಿನ ಮೇಲಿಟ್ಟು, ಮುಂದೆ ಇಳಿಸಿ, ತೊಡೆ ಸಂದಿಯಲ್ಲಿ ಹಾಯಿಸಿ, ಬೆನ್ನ ಮೇಲಿಂದ ಅದೇ ಹೆಗಲಿಗೆ ತಂದು ಮುಟ್ಟಿಸಬೇಕು. ಎದೆ ಸುತ್ತಳತೆಗಿಂತ ಇದೇ ಮುಖ್ಯ. ವಿಡಿಯೋ ಕಾಲ್‌ನಲ್ಲಿ ನಾದಿನಿ ಟೇಪು ಹಿಡಿದಳು, ನಾನು ಇಲ್ಲಿಂದ "ಬಿಗಿ ಮಾಡಬೇಡ, ಸಡಿಲಾನೂ ಬಿಡಬೇಡ" ಅಂತ ಕೂಗುತ್ತಿದ್ದೆ. ಸೊಸೆಗೆ ಕಚಗುಳಿ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ದುಡ್ಡು ಕಡಿಮೆ ಇದೆಯಾ? ಹಾಗಾದರೆ ಕಲ್ಲಿನಲ್ಲಿ ಉಳಿಸಿ, ಬಟ್ಟೆಯಲ್ಲಿ ಉಳಿಸಬೇಡಿ. ನನ್ನ ವಾದ ಇಷ್ಟೇ. ಫೋಟೋದಲ್ಲಿ ಕಣ್ಣಿಗೆ ಬೀಳುವುದು ಹೊಳಪು, ಆದರೆ ಹುಡುಗಿ ಮೈಮೇಲೆ ಹಾಕಿಕೊಂಡು ಹಾರುವುದು ಬಟ್ಟೆಯನ್ನು. ಇಲ್ಲಿ ಲೆಗಿಂಗ್ಸಿಗೆ ಬರುವ ಕಾಟನ್ ಲೈಕ್ರಾ ಅಗ್ಗ, ಮೆತ್ತಗೂ ಇರುತ್ತದೆ. ಆದರೆ ಐಸ್ ಮೇಲೆ ಬಿದ್ದು ಒದ್ದೆಯಾದರೆ ನೀರು ಹೀರಿಕೊಂಡು ಜೋತುಬೀಳುತ್ತದೆ. ಬೇಕಾದದ್ದು ನೈಲಾನ್ ಇಲ್ಲವೇ ಪಾಲಿಯೆಸ್ಟರ್‌ಗೆ ಸ್ಪ್ಯಾಂಡೆಕ್ಸ್ (ಲೈಕ್ರಾ ಅನ್ನುವುದೂ ಇದನ್ನೇ) ಸೇರಿಸಿದ್ದು, ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವಂಥದ್ದು. ಅಂಗಡಿಯಲ್ಲೇ ನೋಡಿಕೊಳ್ಳಬಹುದು. 10 ಸೆಂಟಿಮೀಟರ್ ಬಟ್ಟೆ ಹಿಡಿದು ಎಳೆದರೆ 15 ಆಗಬೇಕು, ಬಿಟ್ಟ ಕೂಡಲೇ ಮತ್ತೆ 10ಕ್ಕೇ ಬರಬೇಕು. ಹಿಗ್ಗಿದ್ದು ಹಾಗೇ ನಿಂತರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಬನ್ನಿ.

ಮಡಗಾಂವಿನಲ್ಲಿ ನನಗೆ ಸಿಕ್ಕಿದ್ದು ಸ್ಟ್ರೆಚ್ ವೆಲ್ವೆಟ್. ಬಜೆಟ್ ಇಲ್ಲದವರ ಪಾಲಿಗೆ ಇದು ವರ. ಅದಕ್ಕೆ ತನ್ನದೇ ಮಿನುಗು ಇದೆ, ಮೇಲೆ ಏನೂ ಅಂಟಿಸದಿದ್ದರೂ ತುಂಬಿದ ಹಾಗೆ ಕಾಣುತ್ತದೆ. ಹೊಲಿಗೆ ಸ್ವಲ್ಪ ಅಂಕುಡೊಂಕಾದರೂ ರೋಮದೊಳಗೆ ಮುಚ್ಚಿಹೋಗುತ್ತದೆ. ಕತ್ತರಿಸುವಾಗ ಮಾತ್ರ ಎಲ್ಲ ತುಂಡುಗಳ ರೋಮ ಒಂದೇ ದಿಕ್ಕಿಗೆ ಇರಬೇಕು. ಇಲ್ಲದಿದ್ದರೆ ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಬೆಳ್ಳಗೆ.

ಬಣ್ಣದ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಸೊಸೆಗೆ ತಿಳಿ ಆಕಾಶನೀಲಿ ಬೇಕಿತ್ತು. ಬಿಳಿ ಐಸ್, ಮೇಲಿಂದ ಬಿಳಿ ಲೈಟು, ನಡುವೆ ತಿಳಿ ನೀಲಿ. ದೂರದಿಂದ ನೋಡಿದರೆ ಹುಡುಗಿಯೇ ಕಾಣಲ್ಲ ಅಂದೆ. ನಮ್ಮ ಯಕ್ಷಗಾನದ ವೇಷ ನೋಡಿ, ಕೆಂಪು, ಕಪ್ಪು, ಹಳದಿ. ಕಟ್ಟಕಡೆಗೆ ಕೂತವನಿಗೂ ಕೈ ಎಲ್ಲಿದೆ, ಸೊಂಟ ಎಲ್ಲಿದೆ ಗೊತ್ತಾಗುತ್ತದೆ. ಕೊನೆಗೆ ನೇರಳೆ ಹಣ್ಣಿನ ಬಣ್ಣಕ್ಕೆ ಒಪ್ಪಿದಳು, ನೀಲಿಯನ್ನು ತಲೆಯ ರಬ್ಬರ್‌ಬ್ಯಾಂಡಿಗೆ ಇಟ್ಟುಕೊಂಡಳು.

ಕತ್ತು ಮತ್ತು ತೋಳಿಗೆ ಮೈಬಣ್ಣದ ನೆಟ್ ಹಾಕುತ್ತಾರಲ್ಲ, ಟಿವಿಯಲ್ಲಿ ನೋಡಿದರೆ ಬರಿಮೈ ಅನ್ನಿಸುತ್ತದೆ, ಅಲ್ಲಿ ಬಟ್ಟೆ ಇರುತ್ತದೆ. ಅಂಗಡಿಯಲ್ಲಿ "ಸ್ಕಿನ್ ಕಲರ್" ಕೇಳಿದರೆ ಕೊಡುವುದು ತಿಳಿ ಗುಲಾಬಿ. ಅದು ಯಾರ ಮೈಬಣ್ಣವೋ, ನಮ್ಮ ಮನೆಯಲ್ಲಂತೂ ಯಾರಿಗೂ ಇಲ್ಲ. ನಮ್ಮ ಹುಡುಗಿಗೆ ಹಾಕಿದರೆ ಪೌಡರ್ ಮೆತ್ತಿದ ಹಾಗೆ ಕಾಣುತ್ತಿತ್ತು. ಉಪಾಯ ಅಡುಗೆಮನೆಯಲ್ಲೇ ಇತ್ತು. ದೊಡ್ಡ ಪಾತ್ರೆಯಲ್ಲಿ ಚಹಾಪುಡಿ ಹಾಕಿ ಕಪ್ಪಗೆ ಕುದಿಸಿ, ಸೋಸಿ, ಬಿಸಿ ಡಿಕಾಕ್ಷನ್ನಿನಲ್ಲಿ ನೆಟ್ ಅದ್ದಿದೆ. ನೈಲಾನ್ ನೆಟ್ ಆದರೆ ಚಹಾದ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಮೂಲೆಯ ಒಂದು ಚೂರು ಕತ್ತರಿಸಿ ಅದ್ದಿ ನೋಡಬೇಕು. ಒದ್ದೆಯಿದ್ದಾಗ ಬಣ್ಣ ಗಾಢ ಕಾಣುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಒಂದು ಕೈ ಜಾಸ್ತಿಯೇ ಕಪ್ಪಾದಾಗ ತೆಗೆಯಬೇಕು. ಒಣಗಿದ ಮೇಲೆ ನನ್ನ ಮುಂಗೈ ಮೇಲೆ ಇಟ್ಟು ನೋಡಿದೆ. ಅತ್ತೆ-ಸೊಸೆ ಇಬ್ಬರದ್ದೂ ಒಂದೇ ಬಣ್ಣ, ಅದೊಂದು ಅನುಕೂಲ. ಮನೆಯವರು ಮಾತ್ರ ಆ ಪಾತ್ರೆಯಲ್ಲಿ ಚಹಾ ಇದೆ ಅಂತ ಲೋಟ ಹಿಡಿದುಕೊಂಡು ಬಂದಿದ್ದರು.

ಹೊಲಿಗೆಗೆ ಬಂದರೆ, ನನ್ನ ಹಳೇ ಕಪ್ಪು ಮಷಿನ್ ಹಾಕುವುದು ನೇರ ಹೊಲಿಗೆ ಮಾತ್ರ. ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಟಪ್ ಅಂತ ಕಡಿಯುತ್ತದೆ. ಝಿಗ್‌ಝ್ಯಾಗ್ ಬೇಕು. ಅದಕ್ಕೆ ಹೊಸ ಮಷಿನ್ ಕೊಳ್ಳಬೇಕಾಗಿಲ್ಲ. ಸೀರೆಗೆ ಫಾಲ್-ಪಿಕೋ ಮಾಡುವವರ ಹತ್ತಿರ ಇರುವುದು ಅದೇ. ಪೇಟೆಯಲ್ಲಿ ಪಿಕೋ ಮಾಡುವ ಗೆಳತಿಯೊಬ್ಬಳಿದ್ದಾಳೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ ಕೂರುತ್ತಿದ್ದೆ. ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಹಾಕಿಕೊಂಡೆ, ಸಾದಾ ಸೂಜಿ ಲೈಕ್ರಾದ ಎಳೆಯನ್ನೇ ಚುಚ್ಚಿ ಕಡಿದುಬಿಡುತ್ತದೆ. ಸ್ಕರ್ಟಿನ ಅಂಚಿಗೆ ಪಿಕೋ ಹಾಕುವಾಗ ಒಳಗೆ ಗಾಳಕ್ಕೆ ಕಟ್ಟುವ ನೈಲಾನ್ ದಾರ ಸೇರಿಸಿ ಹೊಲಿದೆವು. ಕಾರವಾರದಲ್ಲಿ ಅದಕ್ಕೇನು ಬರ. ಅಂಚು ಅಲೆಅಲೆಯಾಗಿ ಎದ್ದು ನಿಂತಿತು, ತಿರುಗಿದಾಗ ಸ್ಕರ್ಟು ಚಂದ ಬಿಚ್ಚಿಕೊಳ್ಳುತ್ತದೆ. ದಾರದ ತುದಿ ಮಾತ್ರ ಹೊಲಿಗೆಯೊಳಗೆ ಮಡಚಿ ಸಿಕ್ಕಿಸಬೇಕು, ಇಲ್ಲದಿದ್ದರೆ ತೊಡೆಗೆ ಚುಚ್ಚುತ್ತದೆ.

ಹುಕ್ಕಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಐಸ್ ಡಾನ್ಸ್, ಅಂದರೆ ಜೋಡಿಯಾಗಿ ಕುಣಿಯುವ ಸ್ಪರ್ಧೆ, ನೋಡಿದವರಿಗೆ ನೆನಪಿರಬಹುದು. ಫ್ರಾನ್ಸಿನ ಗೇಬ್ರಿಯೆಲಾ ಪಾಪಡಾಕಿಸ್ ಅವರ ಡ್ರೆಸ್ಸಿನ ಕತ್ತಿನ ಕಟ್ಟು ಕುಣಿತದ ಶುರುವಿನಲ್ಲೇ ಬಿಚ್ಚಿಹೋಯಿತು. ಆಕೆ ನಿಲ್ಲಿಸಲಿಲ್ಲ, ಮುಗಿಸಿಯೇ ಬಂದರು. ಕೊನೆಗೆ ಆ ಜೋಡಿಗೆ ಚಿನ್ನ ತಪ್ಪಿದ್ದು ಒಂದು ಅಂಕಕ್ಕಿಂತಲೂ ಕಡಿಮೆ ಅಂತರದಲ್ಲಿ. ಅದೇ ಕೂಟದಲ್ಲಿ ದಕ್ಷಿಣ ಕೊರಿಯಾದ ಯುರಾ ಮಿನ್ ಅವರ ಬೆನ್ನಿನ ಹುಕ್ಕೂ ಕಳಚಿತ್ತು. ಅಷ್ಟು ದೊಡ್ಡ ಕೂಟದಲ್ಲೇ ಹೀಗಾದ ಮೇಲೆ, ಹುಕ್ಕಿಗೆ ಹಾಕುವ ದಾರದಲ್ಲಿ ಜಿಪುಣತನ ಮಾಡುವುದುಂಟಾ? ಕತ್ತಿನ ಹಿಂದೆ ಒಂದರ ಕೆಳಗೊಂದು ಹುಕ್ಕು ಇಟ್ಟು, ನೆಟ್ಟಿಗೆ ಒಳಗಿಂದ ಪಟ್ಟಿ ಕೊಟ್ಟು, ಕಾಜನ್ನು ಕೈಯಲ್ಲೇ ಹೊಲಿದೆ. ಹಾಕಿಕೊಂಡ ಮೇಲೆ ರಿಂಕಿಗೆ ಇಳಿಯುವ ಮುಂಚೆ ಅಲ್ಲೊಂದು ಟಾಕಾ ಹಾಕಿಬಿಡು ಅಂತ ನಾದಿನಿಗೂ ಹೇಳಿದ್ದೆ.

ಕೊನೆಗೆ ಕಲ್ಲು. ಡಿಸೈನರ್ ವೆರಾ ವಾಂಗ್ 1994ರ ಒಲಿಂಪಿಕ್ಸಿಗೆ ಅಮೆರಿಕದ ಸ್ಕೇಟರ್ ನ್ಯಾನ್ಸಿ ಕೆರಿಗನ್‌ಗೆ ಮಾಡಿಕೊಟ್ಟ ಡ್ರೆಸ್ಸಿನಲ್ಲಿ ಸಾವಿರಾರು ಕಲ್ಲುಗಳಿದ್ದವು. ನಮ್ಮದು ಅಷ್ಟು ದೊಡ್ಡ ಮಾತಲ್ಲ. ಪ್ಲಾಸ್ಟಿಕ್ ಹರಳು ಅಗ್ಗ, ಆದರೆ ದೂರದಿಂದ ಸತ್ತ ಹಾಗೆ ಕಾಣುತ್ತದೆ. ಗಾಜಿನದ್ದೇ ತಗೊಳ್ಳಿ, ಕಡಿಮೆ ತಗೊಳ್ಳಿ. ಇದು ಗ್ರೋಸ್ ಲೆಕ್ಕದಲ್ಲಿ ಬರುತ್ತದೆ, ಒಂದು ಗ್ರೋಸ್ ಅಂದರೆ 144. ನಾನು ಕತ್ತಿನ ಸುತ್ತ ಒತ್ತೊತ್ತಾಗಿ ಇಟ್ಟು, ಕೆಳಗಿಳಿದಂತೆ ವಿರಳ ಮಾಡಿದೆ. ತೋಳು ಉಜ್ಜುವ ಮಗ್ಗುಲಿಗೆ, ಬಿದ್ದರೆ ಮೊದಲು ನೆಲ ಮುಟ್ಟುವ ಸೊಂಟದ ಪಕ್ಕಕ್ಕೆ ಒಂದೂ ಇಲ್ಲ. ಅಂಟಿಸುವಾಗ ಬಟ್ಟೆ ಮೈಮೇಲೆ ಇದ್ದಷ್ಟೇ ಹಿಗ್ಗಿರಬೇಕು. ನಾನು ಡ್ರೆಸ್ಸಿನೊಳಗೆ ಲೋಡುದಿಂಬು ತುರುಕಿ ಬಿಗಿ ಮಾಡಿಕೊಂಡೆ. ಸುಮ್ನೆ ಮೇಜಿನ ಮೇಲೆ ಹಾಸಿ ಅಂಟಿಸಿದರೆ, ಹಾಕಿಕೊಂಡು ಮೈ ಬಗ್ಗಿಸಿದ ಕೂಡಲೇ ಕಲ್ಲು ಚಟಚಟ ಉದುರುತ್ತದೆ. ಉದುರಿದರೆ ಬರೀ ಚಂದ ಹೋಗುವುದಲ್ಲ. ಅಂತರರಾಷ್ಟ್ರೀಯ ಸ್ಕೇಟಿಂಗ್ ಯೂನಿಯನ್ ನಿಯಮದಲ್ಲಿ ಡ್ರೆಸ್ಸಿನ ಯಾವ ಚೂರು ಐಸ್ ಮೇಲೆ ಬಿದ್ದರೂ ಒಂದು ಅಂಕ ಕಡಿತ. ಬಿದ್ದ ಕಲ್ಲಿನ ಮೇಲೆ ಬ್ಲೇಡ್ ಹಾಯ್ದರೆ ಹುಡುಗಿಯೂ ಬೀಳುತ್ತಾಳೆ. ಅದು ನಮ್ಮವಳೇ ಆಗಬೇಕೆಂದಿಲ್ಲ, ಅವಳ ನಂತರ ಇಳಿಯುವ ಮಗುವೂ ಇರಬಹುದು. ಕೋಚಿಂಗ್ ಮುಗಿಸಿಕೊಂಡು ಬರುವ ಪಕ್ಕದ ಮನೆ ಹುಡುಗಿಯ ಕೈಗೆ ಡ್ರೆಸ್ ಕೊಟ್ಟು "ಎಷ್ಟಾಗುತ್ತೋ ಅಷ್ಟು ಜೋರಾಗಿ ಕೊಡವು" ಅಂದೆ. ಸಂಕೋಚ ಬಿಟ್ಟು ಕೊಡವಿದಳು. ಏನೂ ಬೀಳಲಿಲ್ಲ.

ಬಟ್ಟೆ, ನೆಟ್, ಅಸ್ತರು, ಕಲ್ಲು, ಅಂಟು, ಪಿಕೋ ಗೆಳತಿಗೆ ಕೊಟ್ಟದ್ದು, ಕೊರಿಯರ್ ಎಲ್ಲ ಸೇರಿ ಮೂರು ಸಾವಿರದ ಮೇಲೆ ಸ್ವಲ್ಪ ಆಯಿತು. ನನ್ನ ಕೂಲಿ ಹಿಡಿದಿಲ್ಲ, ಹಿಡಿದರೆ ಲೆಕ್ಕ ತಪ್ಪುತ್ತದೆ. ಹೀಗೆ ಹೊಲಿಸಬೇಕು ಅನ್ನುವವರು ಮನೆಯಲ್ಲಿ ಅಕ್ಕನೋ ಅತ್ತೆಯೋ ಇಲ್ಲದಿದ್ದರೆ ಹೊಲಿಗೆಗೇ ಬಟ್ಟೆಯಷ್ಟು ದುಡ್ಡು ತೆಗೆದಿಡಿ. ಮದುವೆ ಗೌನು ಹೊಲಿಯುವ ಟೇಲರ್‌ಗಳು ಕಾರವಾರದಲ್ಲೂ ಗೋವಾದಲ್ಲೂ ಇದ್ದಾರೆ. ನೆಟ್ಟು, ಕಲ್ಲು ಅವರಿಗೆ ಹೊಸದಲ್ಲ. ಆ ಉದ್ದದ ಅಳತೆ ಒಂದನ್ನು ನೀವೇ ಬರೆದುಕೊಟ್ಟರೆ ಸಾಕು.

ಬಹುಮಾನ ಬರಲಿಲ್ಲ. ಎರಡು ಸಲ ಬಿದ್ದಳು, ಡ್ರೆಸ್ ಬಿಚ್ಚಲಿಲ್ಲ. ಈಗ ಅವಳ ಹೊಸ ಬೇಡಿಕೆ ಶುರುವಾಗಿದೆ, ಮುಂದಿನ ಸಲ ಪ್ಯಾಂಟ್ ಬೇಕಂತೆ. 1988ರಲ್ಲಿ ಪೂರ್ವ ಜರ್ಮನಿಯ ಸ್ಕೇಟರ್ ಕಟರಿನಾ ವಿಟ್ ಹಾಕಿದ ಡ್ರೆಸ್ ತೀರಾ ಗಿಡ್ಡ ಅಂತ ಗಲಾಟೆಯಾಗಿ, ಹೆಂಗಸರಿಗೆ ಸ್ಕರ್ಟು ಕಡ್ಡಾಯ ಅಂತ ನಿಯಮ ತಂದಿದ್ದರು. ಅದು 2004ರಲ್ಲಿ ಹೋಯಿತು. ಹಾಗಾಗಿ ಪ್ಯಾಂಟಿಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ನನ್ನ ಹತ್ತಿರ ಉಳಿದ ವೆಲ್ವೆಟ್ಟಿಗೆ, ಅದು ಒಂದು ಕಾಲಿಗೂ ಸಾಲುವುದಿಲ್ಲ. ಮಡಗಾಂವಿಗೆ ಹೋಗುವ ಮೊದಲು ಹೊಸ ಅಳತೆ ಕಳಿಸು ಅಂದಿದ್ದೇನೆ. ನಾದಿನಿ "ನಾಳೆ ಕಳಿಸ್ತೆ ಅತ್ತಿಗೆ" ಅನ್ನುತ್ತಲೇ ಇದ್ದಾಳೆ.